ದೂಮಣ್ಣನ ಪಾತಿಯೂ ಮಾರುದ್ದದ ಅಂಜಲೂ

ಒಬ್ಬನೇ ಕೂರುವ ಪುಟ್ಟ ಪಾತಿ ದೋಣಿ. ಗಾಳಕ್ಕೆ ಬಿದ್ದದ್ದು ಮಾರುದ್ದದ ಅಂಜಲ್ ಮೀನು. ಎಲ್ಲಿಟ್ಟುಕೊಂಡು ಬಂದ, ಹೇಳಿ ನೋಡೋಣ? ತಲೆ ಮೇಲೆ? ಅಲ್ಲ. ಹೆಗಲ ಮೇಲೆ? ಅಲ್ಲವೇ ಅಲ್ಲ. ಸೋತಿರಾ? ಹಾಗಾದರೆ ಕೇಳಿ.

ಉಪ್ಪುಹೊಳೆ ಅಂತೊಂದು ರಾಜ್ಯ. ಅಲ್ಲೊಬ್ಬ ದೂಮಣ್ಣ. ಅವನ ಪಾತಿ ಎಷ್ಟು ಕಿರಿದು ಅಂದರೆ, ಅವನು ಕೂತಮೇಲೆ ಎಲೆಯಡಿಕೆ ಚೀಲಕ್ಕೂ ಜಾಗ ಹುಡುಕಬೇಕು. ಆ ರಾಜ್ಯದಲ್ಲೊಂದು ಪದ್ಧತಿ. ಮಗಳ ಸಂಬಂಧ ಗಟ್ಟಿಯಾಗಬೇಕಾದರೆ ಹೆಣ್ಣಿನಪ್ಪ ತಾನೇ ಹಿಡಿದ ದೊಡ್ಡ ಮೀನನ್ನು ಇಡಿಯಾಗಿ ಬೀಗರ ಮುಂದಿಡಬೇಕು. ಮೀನು ತುಂಡಾದರೆ ಸಂಬಂಧವೂ ತುಂಡು. ಬೀಗರು ಬರಲು ಮೂರೇ ದಿನ. ಮಗಳು ಚಂದುವಿಗೋ, ಆ ಹುಡುಗನೇ ಬೇಕು.

ಮೊದಲ ದಿನ ಅಂಜಲ್ ಸಿಕ್ಕಿತು. ಒಳಗೆಳೆದರೆ ಪಾತಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಅಷ್ಟರಲ್ಲಿ ನೀರುನಾಯಿಯೊಂದು ಮೂತಿ ಎತ್ತಿ, "ಭಾವಾ, ಮುಳುಗ್ತೀಯ. ಹಗ್ಗ ಕಟ್ಟಿ ಹಿಂದೆ ಬಿಡು, ತಾನೇ ತೇಲಿ ಬರ್ತದೆ" ಅಂದಿತು. ದೂಮಣ್ಣ ಹಾಗೇ ಮಾಡಿದ. ದಡದಲ್ಲಿ ಎಳೆದರೆ ಹಗ್ಗದ ತುದಿಯಲ್ಲಿ ಬರೀ ತಲೆ.

ಎರಡನೇ ದಿನ ಇನ್ನೊಂದು ಅಂಜಲ್. ನಿನ್ನೆಯದು ಏಡಿಗಳ ಕೆಲಸ, ಹಗ್ಗ ಗಿಡ್ಡವಾಯಿತು ಅಂತ ನೀರುನಾಯಿ ಮರುಗಿತು. ದೂಮಣ್ಣ ಹಗ್ಗ ಉದ್ದ ಬಿಟ್ಟ. ಮತ್ತೆ ತಲೆಯೇ ಬಂತು.

ಹೆಂಡತಿ ಅಕ್ಕು ಎರಡು ಮೀನಿನ ತಲೆ ನೋಡಿದಳು, ಗಂಡನ ತಲೆಯನ್ನೂ ನೋಡಿದಳು. "ಮೂರರಲ್ಲಿ ಯಾವುದು ಖಾಲಿಯೋ ನಾ ಹೇಳಲಾರೆ. ಅಲ್ಲಾ, ಆ ನೀರುನಾಯಿ ಈ ಎರಡು ದಿನ ತಾನಾಗಿ ಒಂದು ಮೀನು ಹಿಡಿದದ್ದು ಕಂಡಿರಾ?"

ದೂಮಣ್ಣ ಕಂಡಿರಲಿಲ್ಲ. ಅದರ ಹೊಟ್ಟೆ ಗುಡಾಣವಾದದ್ದು ಮಾತ್ರ ಕಂಡಿದ್ದ.

ಮೂರನೇ ದಿನವೂ ಅಂಜಲ್ ಬಿತ್ತು. ನೀರುನಾಯಿ ಬರುವ ಮೊದಲೇ ಅದನ್ನು ಪಾತಿಯ ತಳದಲ್ಲಿ ಉದ್ದಕ್ಕೆ ಮಲಗಿಸಿದ. ತಲೆ ಮುಂದೆ, ಬಾಲ ತನ್ನ ಅಡಿಗೆ. ಮೇಲೆ ಒದ್ದೆ ಗೋಣಿ ಹೊದೆಸಿ, ಕುದುರೆ ಏರಿದವನಂತೆ ಆಚೆ ಈಚೆ ಕಾಲು ಹಾಕಿ ಕೂತ. ಪಾತಿ ವಾಲಲೇ ಇಲ್ಲ! ಹಗ್ಗಕ್ಕೆ ಹಳೆಯ ಮೀನಿನ ತಲೆ, ಅದರ ಹಿಂದೆ ಹರಕು ಬಲೆಯಲ್ಲಿ ತುಂಬಿದ ತೆಂಗಿನ ಸಿಪ್ಪೆ ಕಟ್ಟಿ ನೀರಿಗೆ ಬಿಟ್ಟ.

ನೀರುನಾಯಿ ಬಂತು. "ಇವತ್ತು ಇನ್ನೂ ಉದ್ದ ಬಿಟ್ಟಿದ್ದೇನೆ ಭಾವಾ, ನಿನ್ನ ಮಾತು ಮೀರ್ತೇನಾ?" ಅಂದ ದೂಮಣ್ಣ. ಅದು ಮುಳುಗಿತು, ಬಾಯಿ ಹಾಕಿತು, ಹಲ್ಲು ಬಲೆಗೆ ಸಿಕ್ಕಿಕೊಂಡಿತು.

ದಡದಲ್ಲಿ ಬೀಗರು ಕಾದಿದ್ದರು. ಹಗ್ಗ ಎಳೆದರೆ ತಲೆ ಬಂತು, ಸಿಪ್ಪೆ ಬಂತು, ಸಿಪ್ಪೆ ಕಚ್ಚಿಕೊಂಡ ನೀರುನಾಯಿಯೂ ಬಂತು. ಯಾರಿದು ಅಂದಾಗ, ನನ್ನನ್ನು ಭಾವ ಅಂತ ಕರೆಯುವವನು ಅಂದ ದೂಮಣ್ಣ. ಹುಡುಗನ ತಾಯಿ ಸೆರಗಿನಲ್ಲಿ ನಗು ಒರೆಸಿಕೊಂಡು, "ಬೀಗರೇ, ಮೀನು ಕೇಳಿದರೆ ನೆಂಟನನ್ನೇ ತಂದಿರಲ್ಲ" ಅಂದಳು. ಅವನು ಗೋಣಿ ಸರಿಸಿದ. ತಲೆಯಿಂದ ಬಾಲದವರೆಗೆ ಇಡೀ ಅಂಜಲ್ ಫಳಫಳ ಹೊಳೆಯಿತು. ಸಂಬಂಧ ಅಲ್ಲೇ ಗಟ್ಟಿಯಾಯಿತು. ನೀರುನಾಯಿಯ ಹಲ್ಲು ಬಿಡಿಸಿದ್ದು ಊಟವೆಲ್ಲ ಮುಗಿದ ಮೇಲೆ.

ನೀತಿ ಇಷ್ಟೇ ಮಕ್ಕಳೇ: ಕೇಳದೆ ಬಂದ ಸಲಹೆ ಯಾರ ಹೊಟ್ಟೆ ತುಂಬಿಸುತ್ತದೆ ಅಂತ ಮೊದಲು ನೋಡಬೇಕು. ಸಂಬಂಧ ಗಟ್ಟಿಯಾದದ್ದು ಯಾವತ್ತು ಅಂತೀರಾ? ಶ್ರಾವಣ ಬಹುಳ ಪಂಚಮಿ, ಬುಧವಾರ.