ಗಿರಣಿ ಶುರು

"ಗುರುಗಳೇ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಈರಣ್ಣನನ್ನು ಬೈದದ್ದು ನಿಜ. ಮರುದಿನ ಹಾದಿಯಲ್ಲಿ ಸಿಕ್ಕಾಗ 'ತಪ್ಪಾಯಿತು' ಎಂದೆನಲ್ಲ. ಆದರೂ ಅವನು ನನ್ನ ಮುಖ ನೋಡುತ್ತಿಲ್ಲ. ಅವನಿಗೇಕೆ ಇಷ್ಟು ಹಟ?" ಎಂದು ಚನ್ನವೀರ ಕೇಳಿದ.

ಚನ್ನವೀರ ಮಠದ ಶಾಲೆಯಲ್ಲಿ ಮಕ್ಕಳಿಗೆ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯಲು ಕಲಿಸುತ್ತಿದ್ದ. ಮಠದ ಅಡುಗೆಯ ಈರಣ್ಣ ಅವನ ಬಾಲ್ಯದ ಗೆಳೆಯ. ಇಬ್ಬರ ನಡುವೆ ಮಾತು ನಿಂತ ಮೇಲೆ ಚನ್ನವೀರನಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

"ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಕಿಟಕಿಯಲ್ಲಿ ಬೀದಿಗೆ ಮುಖ ಮಾಡಿ ಒಂದು ಹಳೆಯ ಕಂಪ್ಯೂಟರ್ ಇಟ್ಟಿದ್ದ. ಒಮ್ಮೆ ಯಾರೋ ಹಸಿ ಜೋಳ ತಂದು ಸುರಿದರು, ಬೀಸುವ ಕಲ್ಲು ಕಟ್ಟಿಕೊಂಡಿತು. ಸಿಟ್ಟಿನಲ್ಲಿ ಅವನು ಪರದೆಯ ಮೇಲೆ 'ಗಿರಣಿ ಬಂದ್. ಯಾರೂ ಇತ್ತ ತಲೆ ಹಾಕಬೇಡಿ' ಎಂದು ಮೂಡಿಸಿದ. ಕಲ್ಲು ಸರಿಯಾಯಿತು, ಸಿಟ್ಟೂ ಇಳಿಯಿತು. ಆಗ, ಮುಂದಿನ ಅಕ್ಷರ ಎಲ್ಲಿ ಬೀಳಬೇಕೆಂದು ತೋರಿಸುವ ಕರ್ಸರನ್ನು ಅದೇ ಸಾಲಿನ ಮೊದಲಿಗೆ ತಂದು, 'ಗಿರಣಿ ಶುರು' ಎಂದು ಮೂಡಿಸಿ ಒಳಗೆ ಹೋಗಿ ಕುಳಿತ."

ಚನ್ನವೀರನಿಗೆ ಬೆರಗಾಯಿತು. ಜಪಮಣಿ ಬಿಟ್ಟು ಬೇರೇನೂ ಮುಟ್ಟದ ಗುರುಗಳಿಗೆ ಕರ್ಸರಿನ ಸುದ್ದಿ ಯಾರು ಹೇಳಿದರು? ಮುಂದೇನಾಯಿತೆಂದು ತಿಳಿಯುವ ಆಸೆಯಿಂದ ಅವನು ಹತ್ತಿರ ಸರಿದ.

"ಜನ ಕಿಟಕಿಯವರೆಗೆ ಬಂದರು, ಪರದೆ ನೋಡಿದರು, ಬುಟ್ಟಿ ಹೊತ್ತು ಬೇರೆ ಗಿರಣಿಗೆ ಹೋದರು. ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟವಾಯಿತು. 'ನಾನಾಗಿ ಕರೆದರೂ ಬರುತ್ತಿಲ್ಲ, ಊರಿಗೆಲ್ಲ ಸೊಕ್ಕು' ಎಂದು ಗಿರಣಿಯವನು ಹಲ್ಲು ಕಡಿದ. ಕೊನೆಗೆ ಒಬ್ಬ ಮುದುಕಿ ಬಾಗಿಲಲ್ಲಿ ನಿಂತು ಕೇಳಿದಳು: 'ಏನಪ್ಪಾ, ಗಿರಣಿ ಶುರು ಅಂತೀಯ, ಯಾರೂ ತಲೆ ಹಾಕಬೇಡಿ ಅಂತಲೂ ಅಂತೀಯ. ನಾನೀಗ ಒಳಗೆ ಬರಲೋ ಬೇಡವೋ?'"

ಗುರುಗಳು ಕತೆ ನಿಲ್ಲಿಸಿದರು. "ಅವನು ಎಲ್ಲಿ ಎಡವಿದ?"

ಚನ್ನವೀರ ನಕ್ಕುಬಿಟ್ಟ. ಇದು ಅವನು ಮಕ್ಕಳಿಗೆ ದಿನವೂ ಹೇಳುವ ಪಾಠ.

"ಕರ್ಸರನ್ನು ಮೊದಲಿಗೆ ತಂದ ಮಾತ್ರಕ್ಕೆ ಹಳೆಯದು ಅಳಿಯುವುದಿಲ್ಲ, ಗುರುಗಳೇ. ಹೊಸ ಮಾತು ಎಷ್ಟು ಉದ್ದವೋ ಅಷ್ಟನ್ನೇ ಮುಚ್ಚುತ್ತದೆ, ಮಿಕ್ಕದ್ದು ಹಾಗೇ ಉಳಿಯುತ್ತದೆ. ಹಳೆಯ ಸಾಲು ಎಷ್ಟು ಉದ್ದವಿತ್ತೋ ಅಷ್ಟಕ್ಕೂ ಮೊದಲು ಖಾಲಿ ಜಾಗ ಮೂಡಿಸಿ, ಮತ್ತೆ ಮೊದಲಿಗೆ ಬಂದು ಹೊಸದನ್ನು ಬರೆಯಬೇಕಿತ್ತು. ಪಾಪ, ಅವನಿಗೆ ಅಷ್ಟೂ ತಿಳಿಯಲಿಲ್ಲ!"

ಗುರುಗಳು ತಲೆದೂಗಿದರು.

"ಸರಿ. ಈಗ ಹೇಳು ಚನ್ನವೀರ, ಈರಣ್ಣನನ್ನು ನೀನು ಬೈದದ್ದು ಎಷ್ಟು ಉದ್ದವಿತ್ತು?"