ಆಚೆ ದಡದ ನಗಾರಿ

ಹೊಳೆಯ ದಂಡೆಯಲ್ಲಿ ಅಡವಿಸ್ವಾಮಿಗಳ ಆಶ್ರಮ. ಸಂಜೆಯ ಪೂಜೆಗೆ ನಗಾರಿ ಬಾರಿಸುವ ಸೇವೆ ಶಿಷ್ಯ ಕರಿಬಸಪ್ಪನದು. ಅದಕ್ಕೆ ಮುಂಚೆ ಬಂಡೆಯ ಮರೆಗೆ ಹೋಗಿ ಬೀಡಿ ಸೇದಿ ಬರುವುದು ಅವನು ಬಿಡಲಾರದ ಚಟ.

ಒಂದು ದಿನ ಹಾಗೆ ಕೂತಿದ್ದಾಗ ಹೊಳೆಯ ಆಚೆಯಿಂದ ನಗಾರಿಯ ಸದ್ದು ಕೇಳಿತು. ಹೋಗಿ ನೋಡಿದರೆ ಆಶ್ರಮದ ನಗಾರಿ ಮೂಲೆಯಲ್ಲೇ ಇತ್ತು. ಆಚೆ ದಡದಲ್ಲಿ ಸ್ಮಶಾನ ಬಿಟ್ಟರೆ ಬೇರೇನೂ ಇಲ್ಲ.

ಮರುದಿನವೂ ಕೇಳಿತು. ಅದರ ಮರುದಿನ, ಹೊಳೆ ದಾಟಿ ಈಚೆಗೆ ಬಂದಂತೆ ಕೇಳಿತು.

ಅವನ ಅಪ್ಪನನ್ನು ಮಣ್ಣು ಮಾಡಿದ್ದು ಆಚೆ ದಡದ ಆ ಸ್ಮಶಾನದಲ್ಲಿಯೇ. ರಕ್ತದೊತ್ತಡ ಏರಿದೆ, ಬೀಡಿ ಬಿಡು ಎಂದು ಡಾಕ್ಟರು ಎಷ್ಟು ಹೇಳಿದರೂ ಅಪ್ಪ ಬಿಟ್ಟಿರಲಿಲ್ಲ. ತಲೆಯೊಳಗೆ ನರ ಒಡೆದು ಬಿದ್ದಾಗ ಬೆರಳ ಸಂದಿಯ ಬೀಡಿ ಇನ್ನೂ ಹೊಗೆಯಾಡುತ್ತಿತ್ತು.

ಕರಿಬಸಪ್ಪ ಓಡಿ ಹೋಗಿ ಗುರುಗಳ ಕಾಲು ಹಿಡಿದ.

"ಬುದ್ಧಿ, ಅಪ್ಪ ನಗಾರಿ ಬಡಿದು ಕರೀತಿದಾನೆ. ನನಗೆ ಸಾಯೋಕೆ ಭಯ."

"ಬದುಕಿದ್ದಾಗ ನಿಮ್ಮಪ್ಪ ನಗಾರಿ ಮುಟ್ಟಿದವನಲ್ಲ. ಸತ್ತ ಮೇಲೆ ಕಲಿತನೇನಪ್ಪ?"

ಯಾವಾಗ ಕೇಳುತ್ತದೆ ಎಂದು ಗುರುಗಳು ವಿಚಾರಿಸಿದರು. ಅವನು ತಲೆ ತಗ್ಗಿಸಿ ಬೀಡಿಯ ವಿಷಯ ಹೇಳಿದ. ಅವರು ಬಯ್ಯಲಿಲ್ಲ. ಬಂಡೆಯ ಮರೆಗೆ ಜೊತೆಯಲ್ಲೇ ಬಂದು, ಹಚ್ಚು ಎಂದರು.

ಅವನು ಗುರುಗಳ ಎದುರೇ ಹಚ್ಚಿ ಸೇದಿದ. ಬೀಡಿ ಅರ್ಧ ಆಗುವಷ್ಟರಲ್ಲಿ ಸದ್ದು ಶುರುವಾಯಿತು.

"ಕೇಳಿಸ್ತಾ ಬುದ್ಧಿ?"

"ನನಗೆ ಹೊಳೆ ಒಂದೇ ಕೇಳ್ತದೆ. ನೀನು ಕಿವಿ ಮುಚ್ಚಿಕೋ."

ಮುಚ್ಚಿಕೊಂಡ. ಹೊಳೆಯ ಸದ್ದು ನಿಂತಿತು. ನಗಾರಿ ನಿಲ್ಲಲಿಲ್ಲ. ಇನ್ನೂ ಜೋರಾಯಿತು.

ಗುರುಗಳು ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯ ಬೆರಳಿನಿಂದ ಬಂಡೆಯ ಮೇಲೆ ತಟ್ಟತೊಡಗಿದರು. ತಮಗೆ ಕೇಳಿಸದ ಆ ನಗಾರಿಯ ಒಂದು ಪೆಟ್ಟೂ ತಪ್ಪಲಿಲ್ಲ.

ಅವರು ಎದ್ದು ಆಶ್ರಮಕ್ಕೆ ನಡೆದರು.

ಪೂಜೆಯ ಹೊತ್ತಾಗಿತ್ತು. ಹೊಳೆಯ ತಂಪಿಗೆ ನಗಾರಿಯ ಚರ್ಮ ಸಡಿಲವಾಗಿತ್ತು. ಕರಿಬಸಪ್ಪ ಎಂದಿನಂತೆ ಹುಲ್ಲಿನ ಉರಿಗೆ ಹಿಡಿದು ಅದನ್ನು ಬಿಗಿ ಮಾಡಿದ. ಗುರುಗಳು ಇನ್ನೊಂದು ಹಿಡಿ ಹುಲ್ಲು ಹಾಕಿದರು. ಮತ್ತೊಂದು ಹಾಕಿದರು. ಚರ್ಮ ಚಿಟಚಿಟ ಎನ್ನತೊಡಗಿತು.

"ಸಾಕು ಬುದ್ಧಿ. ಇನ್ನೂ ಕಾಯಿಸಿದರೆ ಹರಿದುಹೋಗ್ತದೆ."

ಗುರುಗಳು ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟು ಅವನ ಎದೆಯ ಮೇಲೆ ಅಂಗೈ ಇಟ್ಟರು.

"ಅದು ಹರಿದರೆ ಹೊಸ ಚರ್ಮ ಹೊದಿಸೋರು ಊರಲ್ಲಿದ್ದಾರೆ. ಇದನ್ನ ಯಾರ ಹತ್ರ ತಗೊಂಡು ಹೋಗಲಿ, ಕರಿಬಸಪ್ಪ?"