ಬೆನ್ನಿಗೆ ಬಂದ ಆನೆಗಳು

ಬಹಳ ಹಿಂದೆ ಒಂದೂರಿತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ, ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲ. ಆ ಊರಿನ ನೇಕಾರರ ಸೊಸೈಟಿಯಲ್ಲಿ ದಾನವ್ವ ಎಂಬಾಕೆ ಇದ್ದಳಂತೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದರಲ್ಲಿ ಅವಳದು ಎತ್ತಿದ ಕೈಯಂತೆ. ಅವಳು ಕೂಡಿಸಿದ ಸೀರೆಯನ್ನು ಎರಡು ಎತ್ತು ಆ ಕಡೆ ಈ ಕಡೆ ಎಳೆದರೂ ಕೊಂಡಿ ಬಿಡಲಿಲ್ಲವಂತೆ. ನಮ್ಮಜ್ಜ ಹೇಳುವಾಗ ಎತ್ತು ಎರಡೇ ಇದ್ದವು, ಚಿಕ್ಕಪ್ಪನ ಬಾಯಲ್ಲಿ ನಾಲ್ಕಾದವು. ನಾನು ಎರಡಕ್ಕೇ ನಿಲ್ಲಿಸಿದ್ದೇನೆ, ನನಗೂ ಒಂದು ಮರ್ಯಾದೆ ಇದೆ.

ಸೊಸೈಟಿಗೆ ಕಂಪ್ಯೂಟರು ಬಂದಾಗ ಅದನ್ನು ಕಲಿತವಳೂ ಅವಳೇ. ಸೀರೆಯ ಚಿತ್ತಾರವನ್ನು ಅದರೊಳಗೆ ಬರೆದರೆ, ಮಗ್ಗದ ರಟ್ಟಿನಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಅದು ಹೇಳಬೇಕು. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಆ ಪ್ರೋಗ್ರಾಮನ್ನು ದಾನವ್ವ ಬರೆದಳಂತೆ. ಪೂರ್ತಿ ಅವಳೇ ಬರೆಯಲಿಲ್ಲ ಅನ್ನಿ. ಮನೆಯಲ್ಲಿ ಬಣ್ಣ ಕಾಯಿಸುವ ಬದಲು ಬಣ್ಣ ಹಾಕಿದ ರೇಷ್ಮೆಯನ್ನೇ ತರುತ್ತೇವಲ್ಲ, ಹಾಗೆ ಕಷ್ಟದ ಲೆಕ್ಕವನ್ನೆಲ್ಲ ಮಾಡುವ ಒಂದು ಸಿದ್ಧ ಪ್ರೋಗ್ರಾಮನ್ನು, ಲೈಬ್ರರಿ ಎನ್ನುತ್ತಾರೆ ಅದಕ್ಕೆ, ಹೊರಗಿನವರಿಂದ ತಂದಳು. ಅದನ್ನು ಬರೆದವನ ಮುಖ ಯಾರೂ ನೋಡಿಲ್ಲ. ಒಳಗೆ ಏನಿದೆಯೆಂದೂ ಗೊತ್ತಿಲ್ಲ, ಬಾಯಿ ಹೊಲಿದ ಗಂಟು. ಕೇಳಿದ್ದಕ್ಕೆ ಉತ್ತರ ಕೊಡುತ್ತಿತ್ತು, ಅಷ್ಟೆ.

ದಾನವ್ವನ ತಾಯಿ ಸಂಗವ್ವ. ಆನೆಸಾಲಿನ ಅಂಚು ನೇಯಬಲ್ಲವಳು ಆ ಸೀಮೆಗೆಲ್ಲ ಅವಳೊಬ್ಬಳೇ ಅಂತೆ. ಆ ಆನೆಗಳು ಯಾವ ಕಾಗದದಲ್ಲೂ ಇರಲಿಲ್ಲ, ಅವಳ ಬೆರಳಲ್ಲಿದ್ದವು. ಕಣ್ಣು ಮಂಜಾಗುತ್ತಾ ಬಂದಾಗ ಮಗಳನ್ನು ಕೂರಿಸಿಕೊಂಡು ಒಂದೆಳೆ ಮೇಲೆ, ಮೂರೆಳೆ ಕೆಳಗೆ ಎಂದು ಹನ್ನೊಂದು ತಿಂಗಳು ಹೇಳಿದಳಂತೆ. ದಾನವ್ವ ಎಲ್ಲವನ್ನೂ ಬರೆದು ಒಂದು ಫ್ಲಾಪಿಯಲ್ಲಿ ಹಾಕಿ ದೇವರ ಜಗಲಿಯ ಮೇಲೆ ಇಟ್ಟಳು. ಸಂಗವ್ವನ ಕಣ್ಣು ಪೂರ್ತಿ ಹೋಯಿತು. ಸಾಯುವ ಮೊದಲು ಆ ಆನೆಗಳನ್ನು ಒಮ್ಮೆ ಮುಟ್ಟಬೇಕು ಎಂಬ ಆಸೆಯೊಂದೇ ಉಳಿಯಿತು.

ರಟ್ಟಿಗೆ ತೂತು ಹೊಡೆಯುವ ಮೊದಲೇ ಕಂಪ್ಯೂಟರು ಕಣ್ಣು ಮುಚ್ಚಿತು. ಹೊಸದು ಬಂತು, ಆದರೆ ಅದರ ಜಾತಿಯೇ ಬೇರೆ. ಹಳೆಯ ಲೈಬ್ರರಿಯನ್ನು ಅದು ಹತ್ತಿರವೂ ಸೇರಿಸಲಿಲ್ಲ. ಸೊಸೈಟಿಯ ಅಧ್ಯಕ್ಷ ಗುರುಸಿದ್ದಪ್ಪನವರು ಹೊಸದಕ್ಕೆ ಮಾಲೆ ಹಾಕಿಸಿ ತೆಂಗಿನಕಾಯಿ ಒಡೆಸಿದರಂತೆ. ಕಾಯಿಯ ನೀರು ಒಳಗಿಳಿದು ಅದೂ ಮೂರು ದಿನ ಮಾತು ಬಿಟ್ಟಿತಂತೆ. ಲೈಬ್ರರಿ ಕೊಟ್ಟವರಿಗೆ ಕಾಗದ ಬರೆದರೆ, ಆ ಮಶೀನಿಗೂ ನಮಗೂ ಸಂಬಂಧವಿಲ್ಲ ಎಂದು ಎರಡೇ ಸಾಲಿನ ಉತ್ತರ.

ಹೊಸ ಮಶೀನಿಗೆಂದೇ ಬೇರೆ ಯಾರೋ ಬರೆದ ಲೈಬ್ರರಿಯೊಂದು ಸಿಕ್ಕಿತು. ಅದೂ ಹೊಲಿದ ಗಂಟೇ. ಹಳೆಯದಕ್ಕೆ ಅಗಲ ಮೊದಲು ಹೇಳಬೇಕಿತ್ತು, ಇದಕ್ಕೆ ಉದ್ದ ಮೊದಲು. ಹಳೆಯದನ್ನು ಕರೆಯುತ್ತಿದ್ದ ಹೆಸರಿನಿಂದ ಕರೆದರೆ ಇದು ಓಗೊಡುತ್ತಿರಲಿಲ್ಲ. ದಾನವ್ವನ ಪ್ರೋಗ್ರಾಮು, ತಾಯಿಯ ಆನೆಗಳು, ಎಲ್ಲವೂ ಹಳೆಯದರ ಮಾತಿನಲ್ಲೇ ಇದ್ದವು. ಎಲ್ಲ ಅಳಿಸಿ ಹೊಸದಾಗಿ ಬರೆದುಬಿಡು ಎಂದರು ಗುರುಸಿದ್ದಪ್ಪನವರು. ದಾನವ್ವ ತಾಯಿಯ ಹತ್ತಿರ ಹೋಗಿ ಇನ್ನೊಮ್ಮೆ ಹೇಳು ಎಂದು ಕೇಳಿದಳು. ಸಂಗವ್ವ ಒಂದೆಳೆ ಮೇಲೆ ಎಂದು ಶುರು ಮಾಡಿದಳು. ಮುಂದಿನದು ಬರಲಿಲ್ಲ. ದಾನವ್ವ ಹಿತ್ತಲಿಗೆ ಹೋಗಿ ಅತ್ತಳಂತೆ.

ಅತ್ತು ಮುಖ ತೊಳೆಯುವಾಗ ಹೊಳೆಯಿತಂತೆ. ಹತ್ತಿಯನ್ನು ರೇಷ್ಮೆ ಮಾಡಲು ಯಾರು ಹೋಗುತ್ತಾರೆ? ನಡುವೆ ಕೊಂಡಿ ಹಾಕುತ್ತಾರೆ. ಹಳೆಯ ಪ್ರೋಗ್ರಾಮು ಹಳೆಯ ಹೆಸರಿನಲ್ಲೇ ಕರೆಯಲಿ, ನಡುವೆ ಒಂದು ಕೊಂಡಿ ಅದನ್ನು ಹಿಡಿದು ಹೊಸ ಹೆಸರಿಗೆ ದಾಟಿಸಲಿ, ಬಂದ ಉತ್ತರವನ್ನು ಹಳೆಯ ಮಾತಿಗೆ ತಿರುಗಿಸಿ ಕೊಡಲಿ. ಒಂದು ಹೆಸರಿಗೆ ಒಂದು ಕೊಂಡಿ. ಹಾಗೆ ನೂರಾ ಹನ್ನೆರಡು ಕೊಂಡಿ ಬರೆದಳಂತೆ. ಹದಿನೈದು ದಿನ ರೆಪ್ಪೆ ಮುಚ್ಚಲಿಲ್ಲವಂತೆ. ಮಧ್ಯಾಹ್ನ ಗೊರಕೆ ಕೇಳುತ್ತಿತ್ತು ಎನ್ನುತ್ತಿದ್ದಳು ಅವಳ ನಾದಿನಿ. ನಾದಿನಿಯ ಮಾತು ಬಿಡಿ.

ರಟ್ಟು ತಯಾರಾಯಿತು, ಮಗ್ಗಕ್ಕೇರಿತು. ಆ ಊರಲ್ಲಿ ಸೀರೆಯ ಮುಖ ಕೆಳಗೆ ಮಾಡಿ ನೇಯುತ್ತಾರೆ. ಮೇಲೆ ಕಾಣುವುದು ಬೆನ್ನು, ಅಲ್ಲಿ ಬರೀ ದಾರದ ಗೋಜಲು ಇರುತ್ತದೆ. ಆದರೆ ಅವತ್ತು ಮೇಲೇ ಆನೆಗಳು ಬಂದವು! ಸೊಂಡಿಲು, ಕೋರೆ, ಕಾಲ ಗೆಜ್ಜೆ ಸಮೇತ. ಮೂವತ್ತು ವರ್ಷ ನೇಯ್ದ ಗಂಡಸರು ಬಾಯಿ ತೆರೆದು ನಿಂತರಂತೆ.

"ಬೆನ್ನ ಇಷ್ಟ ಚಂದ ಐತಿ ಅಂದ್ರ, ಇನ್ನ ಮುಖ ಹೆಂಗಿರಬೇಕ್ರೋ!" ಎಂದರು ಗುರುಸಿದ್ದಪ್ಪನವರು. ಕಂಪ್ಯೂಟರಿನ ಮಹಿಮೆ ಎಂದು ಎಲ್ಲರೂ ತಲೆಯಾಡಿಸಿದರು. ಪೇಢೆ ಹಂಚಿದರು. ಬಗ್ಗಿ ಕೆಳಗೆ ನೋಡಿದವನು ಒಬ್ಬನೂ ಇಲ್ಲ.

ಸಂಗವ್ವನನ್ನು ಕೈಹಿಡಿದು ತಂದು ಕೂರಿಸಿದರು. ಅವಳು ಮೇಲೆ ಮುಟ್ಟಲೇ ಇಲ್ಲ. ಜನ್ಮದ ಅಭ್ಯಾಸದಂತೆ ಕೈಯನ್ನು ಬಟ್ಟೆಯ ಕೆಳಗೆ ತೂರಿಸಿದಳು. ಹುಡುಕಿದಳು.

"ಯವ್ವಾ ದಾನೀ, ನನ್ನ ಆನಿ ಎಲ್ಲವ? ಇಲ್ಲಿ ಬರೇ ದಾರ ಜೋತಾಡಾಕತ್ತಾವು."

ಪೇಢೆ ಬಾಯಲ್ಲಿದ್ದವರು ನುಂಗಲಿಲ್ಲ, ಉಗುಳಲಿಲ್ಲ. ದಾನವ್ವ ಕೋಣೆಗೆ ಓಡಿದಳು. ಹಳೆಯ ಲೈಬ್ರರಿಯಲ್ಲಿ ಒಂದು ಎಂದರೆ ಎಳೆ ಎತ್ತು ಎಂದರ್ಥ, ಹೊಸದರಲ್ಲಿ ಒಂದು ಎಂದರೆ ಬಿಡು ಎಂದರ್ಥ. ಅದೊಂದು ಕೊಂಡಿ ಉಲ್ಟಾ ಬಿದ್ದು, ಮುಖಕ್ಕೆ ಬರಬೇಕಾದ ಆನೆಗಳೆಲ್ಲ ಬೆನ್ನಿಗೆ ಬಂದಿದ್ದವು. ತಿದ್ದಿದಳು. ಮರುದಿನ ಮಧ್ಯಾಹ್ನದೊಳಗೆ ಹೊಸ ರಟ್ಟು ಏರಿತು, ಮೇಲೆ ಗೋಜಲು ಕಂಡಿತು, ಎಲ್ಲರಿಗೂ ಜೀವ ಬಂತು.

ಸಂಗವ್ವ ಮತ್ತೆ ಕೆಳಗೆ ಕೈಯಿಟ್ಟಳು. ಕಾಲು ಎಣಿಸಿದಳು, ನಾಲ್ಕು. ಸೊಂಡಿಲನ್ನು ಬುಡದಿಂದ ತುದಿಯವರೆಗೆ ಸವರಿದಳು. ಕುರುಡುಗಣ್ಣಲ್ಲಿ ನೀರಿಳಿಯಿತು. ಆಮೇಲೆ, ಬಾಲ ಒಂದೆಳೆ ಗಿಡ್ಡವಾಯಿತಲ್ಲ ಎಂದಳಂತೆ. ದಾನವ್ವ ಬರೆದದ್ದನ್ನು ತೆಗೆದು ನೋಡಿದಳು. ತಾಯಿ ಹೇಳಿದ್ದು ಅಷ್ಟೇ ಎಳೆ. ಹೌದವ್ವ, ನನ್ನದೇ ತಪ್ಪು ಎಂದಳಂತೆ.

ಇವತ್ತಿಗೂ ಆ ಊರಲ್ಲಿ ಹೊಸ ಚಿತ್ತಾರ ಮಗ್ಗಕ್ಕೇರಿದರೆ ಯಾರೂ ಬಾಯಿಬಿಟ್ಟು ಚೆಂದ ಎನ್ನುವುದಿಲ್ಲ. ಮನೆಯ ಹಿರಿಯಳು ಬಂದು ಕೂರಬೇಕು, ಕಣ್ಣು ಮುಚ್ಚಬೇಕು, ಬಟ್ಟೆಯ ಕೆಳಗೆ ಕೈ ತೂರಿಸಬೇಕು. ಎಷ್ಟು ದೊಡ್ಡ ಸಾಹೇಬರು ಬಂದು ನಿಂತಿದ್ದರೂ ಅವಳು ತಲೆಯಾಡಿಸುವ ತನಕ ಅವರಿಗೆ ಚಹಾ ಇಲ್ಲ. ಮತ್ತೆ ಆನೆಸಾಲಿನ ಅಂಚಿದೆಯಲ್ಲ, ಅದರ ಬಾಲಕ್ಕೆ ಒಂದೆಳೆ ಕೂಡಿಸಬಹುದಿತ್ತು, ಕಂಪ್ಯೂಟರಿಗೆ ಅದೇನು ಮಹಾ ಕೆಲಸ. ಯಾರೂ ಕೂಡಿಸಿಲ್ಲ.